ಕಣದ ಅಂಚಿನಿಂದ ಮನೆಯೊಳಕ್ಕೆ 4ಜಿ: ಜೋಡಿ ಬೈಕ್ವಾಡ್ ಆಂಟೆನಾ ಕಟ್ಟುವ ಕೆಲಸ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಮನೆಯ ಬೆನ್ನಿಗೆ ಗುಡ್ಡ, ಸುತ್ತ ಸಿಲ್ವರ್ ಓಕ್. ಟವರ್ ಇರುವುದು ಎದುರು ಗುಡ್ಡದ ನೆತ್ತಿಯಲ್ಲಿ, ನೇರ ಗೆರೆ ಎಳೆದರೆ 3.6 ಕಿ.ಮೀ. ಕಿಟಕಿಯ ಹತ್ತಿರ ಫೋನಿಗೆ ಒಂದು ಕಡ್ಡಿ ಬರುತ್ತದೆ, ಅಡುಗೆಮನೆಗೆ ಹೋದರೆ ಅದೂ ಇಲ್ಲ. ಓಟಿಪಿ ಬೇಕಾದರೆ ಕಾಫಿ ಒಣಗಿಸುವ ಕಣಕ್ಕೆ ಓಡಬೇಕು. ಸಿಮ್ ಹಾಕುವ 4ಜಿ ರೌಟರಿಗೆ ಹೊರಗಡೆ ಒಂದು ಜೋಡಿ ಬೈಕ್ವಾಡ್, ಅಂದರೆ ತಾಮ್ರದ ಹಾಳೆಯ ಮುಂದೆ ತಂತಿಯ ಎರಡು ಚೌಕಗಳಿರುವ ಆಂಟೆನಾ, ಕಟ್ಟಿ ಮನೆಯೊಳಗೆ ವೈಫೈ ತರುವ ಕೆಲಸ ಇದು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅಳತೆಗಳನ್ನು ಪೂರ್ತಿ ಬರೆದಿಟ್ಟರೆ ಸಕಲೇಶಪುರದಲ್ಲೂ ಬಾಳೆಹೊನ್ನೂರಲ್ಲೂ ಕೆಲಸಕ್ಕೆ ಬರುತ್ತವೆ.

ಬೂಸ್ಟರ್ ತಂದು ಹಾಕಿದರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗದು. ಮೊಬೈಲ್ ಸಿಗ್ನಲ್ಲನ್ನು ಹಿಡಿದು, ದೊಡ್ಡದು ಮಾಡಿ, ಮತ್ತೆ ಬಿತ್ತರಿಸುವ ಯಂತ್ರವನ್ನು ಅನುಮತಿಯಿಲ್ಲದೆ ಹಾಕುವುದು ಭಾರತದಲ್ಲಿ ಕಾನೂನುಬಾಹಿರ. ಕಾರಣವೂ ಗಟ್ಟಿಯಾಗಿದೆ. ಅಗ್ಗದ ಬೂಸ್ಟರಿನ ಹೊರಗಿನ ಆಂಟೆನಾ ಮತ್ತು ಒಳಗಿನ ಆಂಟೆನಾ ಒಂದನ್ನೊಂದು ಕೇಳಿಸಿಕೊಂಡು, ಮೈಕು ಸ್ಪೀಕರಿನ ಎದುರು ಬಂದಾಗ ಕೂಗುವ ಹಾಗೆ ಕೂಗಲು ಶುರುವಾಗುತ್ತದೆ. ಆ ಗದ್ದಲ ಟವರಿನ ಕಿವಿಗೆ ಬಿದ್ದರೆ ಇಡೀ ಊರಿನ ಫೋನುಗಳು ತತ್ತರಿಸುತ್ತವೆ. ಇಲ್ಲಿ ಕಟ್ಟುವ ಆಂಟೆನಾದಲ್ಲಿ ವರ್ಧಕವೇ ಇಲ್ಲ. ತಾಮ್ರದ ತಂತಿ, ತಾಮ್ರದ ಹಾಳೆ, ಕೇಬಲ್, ಅಷ್ಟೆ.

ಮೊದಲು ಅಳತೆ

ಕಡ್ಡಿ ಎಣಿಸುವುದನ್ನು ಬಿಟ್ಟುಬಿಡಿ. ಅದನ್ನು ಒಂದೊಂದು ಕಂಪನಿಯ ಫೋನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಟವರಿನಿಂದ ಬಂದ ಸಿಗ್ನಲ್ಲಿನ ಬಲ, ಎರಡನೆಯದು ಗದ್ದಲದ ಮುಂದೆ ಆ ಸಿಗ್ನಲ್ ಎಷ್ಟು ಎದ್ದು ಕಾಣುತ್ತದೆ ಎಂಬುದು. ಆರ್‌ಎಸ್‌ಆರ್‌ಪಿ -80 ಡಿಬಿಎಂ ಇದ್ದರೆ ಬಹಳ ಚೆನ್ನ, -100 ಆದರೆ ಸುಮಾರು, -115 ದಾಟಿದರೆ ಸಂಪರ್ಕ ಕಡಿದು ಕಡಿದು ಹೋಗುತ್ತದೆ. ಎಸ್‌ಐಎನ್‌ಆರ್ 20 ಡಿಬಿ ಇದ್ದರೆ ಉತ್ತಮ, 3ಕ್ಕಿಂತ ಕೆಳಗಿದ್ದರೆ ಪುಟ ತೆರೆಯುವುದೂ ಕಷ್ಟ. 3 ಡಿಬಿ ಏರಿತೆಂದರೆ ಶಕ್ತಿ ಎರಡು ಪಟ್ಟು, 10 ಡಿಬಿ ಏರಿತೆಂದರೆ ಹತ್ತು ಪಟ್ಟು.

ಒಂದು ಪವರ್ ಬ್ಯಾಂಕಿಗೆ ರೌಟರನ್ನು ಸಿಕ್ಕಿಸಿಕೊಂಡು ತೋಟದಲ್ಲಿ ಓಡಾಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಇಲ್ಲಿ ಮನೆಯೊಳಗೆ -116, ಎಸ್‌ಐಎನ್‌ಆರ್ 1. ಹೆಂಚಿನ ಮೇಲೆ ಏಣಿ ಹಾಕಿ ಎತ್ತಿ ಹಿಡಿದರೆ -109. ಕಾಫಿ ಒಣಗಿಸುವ ಕಣದ ತಗ್ಗಿನ ಅಂಚಿನಲ್ಲಿ, ಎದೆಯೆತ್ತರದಲ್ಲಿ ಹಿಡಿದರೆ -101, ಎಸ್‌ಐಎನ್‌ಆರ್ 6. ಯಾವ ಆಂಟೆನಾವನ್ನೂ ಕಟ್ಟದೆ, ಬರೀ ಜಾಗ ಬದಲಿಸಿ 15 ಡಿಬಿ ಗಳಿಸಿದಂತಾಯಿತು, ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು. ಅಂಗಡಿಯಲ್ಲಿ ಸಿಗುವ ಯಾವ ಯಾಗಿ ಆಂಟೆನಾ ತಂದು ಮನೆಯ ಹೆಂಚಿನ ಮೇಲೆ ನಿಲ್ಲಿಸಿದರೂ ಇಷ್ಟು ಬರುವುದು ಕಷ್ಟ. ಈ ಕೆಲಸದಲ್ಲಿ ಜಾಗ ಮೊದಲು, ಕೇಬಲ್ಲಿನ ಉದ್ದ ಆಮೇಲೆ, ಆಂಟೆನಾ ಮೂರನೆಯದು. ಜನ ಹಣ ಸುರಿಯುವುದು ಇದಕ್ಕೆ ತಿರುಗುಮುರುಗಾಗಿ.

ಅದೇ ಪುಟದಲ್ಲಿ ಬ್ಯಾಂಡ್, ಅಂದರೆ ಟವರ್ ಬಳಸುವ ಆವೃತ್ತಿಗಳ ಪಟ್ಟಿ, ಯಾವುದೆಂದು ನೋಡಿಕೊಳ್ಳಿ. ಇಲ್ಲಿ ಬ್ಯಾಂಡ್ 3: ಫೋನಿನಿಂದ ಟವರಿಗೆ 1710ರಿಂದ 1785, ಟವರಿನಿಂದ ಫೋನಿಗೆ 1805ರಿಂದ 1880 ಮೆಗಾಹರ್ಟ್ಸ್. ಟವರ್ ಎಲ್ಲಿದೆ ಎಂದು ತಿಳಿಯದವರು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದ ನಕ್ಷೆಯಲ್ಲಿ ಹುಡುಕಬಹುದು.

ಕಣದ ಅಂಚೇ ಯಾಕೆ

ಹಾಸನದ ಹೊರವಲಯದ ಎಂಸಿಎಫ್‌ನಲ್ಲಿ, ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ, 1982ರಿಂದಲೂ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜೊತೆ ಮಾತುಕತೆ ನಡೆಯುತ್ತಿದೆ. ಮನೆ ಮೇಲಿನ ಡಿಟಿಎಚ್ ತಟ್ಟೆಗೂ ಅಷ್ಟೇ ದೂರದಿಂದ ಸಿಗ್ನಲ್ ಬರುತ್ತದೆ. 3.6 ಕಿ.ಮೀ. ಆಚೆಯ ಟವರ್ ಮಾತ್ರ ಸಿಗುವುದಿಲ್ಲ. ಉಪಗ್ರಹಕ್ಕೂ ತಟ್ಟೆಗೂ ನಡುವೆ ಅಡ್ಡ ಏನೂ ಇಲ್ಲ, ಟವರಿಗೂ ಮನೆಗೂ ನಡುವೆ ಎಲೆಗಳಿವೆ. ಹಸಿ ಎಲೆಯಲ್ಲಿರುವುದು ಹೆಚ್ಚಿನಂಶ ನೀರು. ನೀರಿನ ಕಣಗಳು ಅಲೆಯ ವಿದ್ಯುತ್ ಕ್ಷೇತ್ರದ ಜೊತೆ ಅತ್ತಿತ್ತ ಹೊರಳಲು ಹೋಗಿ ಅದರ ಶಕ್ತಿಯನ್ನು ಬಿಸಿಯಾಗಿ ನುಂಗುತ್ತವೆ. ಮೈಕ್ರೋವೇವ್ ಒಲೆಯಲ್ಲಿ 2450 ಮೆಗಾಹರ್ಟ್ಸ್‌ನಲ್ಲಿ ನಡೆಯುವುದೂ ಇದೇ. ನುಂಗಿದ್ದು ಬಿಟ್ಟು ಉಳಿದದ್ದನ್ನು ಕೊಂಬೆ, ಕಾಂಡಗಳು ದಿಕ್ಕಾಪಾಲಾಗಿ ಚದುರಿಸುತ್ತವೆ.

ಟವರ್ ಕಣ್ಣಿಗೆ ಕಂಡರಷ್ಟೇ ಸಾಲದು ಎಂಬುದು ಇಲ್ಲಿ ಮುಖ್ಯ. ರೇಡಿಯೋ ಅಲೆ ದಾರದ ಹಾಗೆ ನೇರವಾಗಿ ಬರುವುದಿಲ್ಲ, ನಡುವೆ ಹೊಟ್ಟೆ ಉಬ್ಬಿಕೊಂಡು ಬರುತ್ತದೆ. ಈ ಉಬ್ಬಿಗೆ ಫ್ರೆನೆಲ್ ವಲಯ ಎಂದು ಹೆಸರು. ದಾರಿಯ ನಟ್ಟನಡುವೆ ಅದರ ತ್ರಿಜ್ಯ ಮೀಟರಿನಲ್ಲಿ ಹೀಗೆ ಸಿಗುತ್ತದೆ: ದೂರವನ್ನು (ಕಿ.ಮೀ.) ಆವೃತ್ತಿಯಿಂದ (ಗಿಗಾಹರ್ಟ್ಸ್) ಭಾಗಿಸಿ, ವರ್ಗಮೂಲ ತೆಗೆದು, 8.66ರಿಂದ ಗುಣಿಸಿ. 3.6ನ್ನು 1.8ರಿಂದ ಭಾಗಿಸಿದರೆ 2, ವರ್ಗಮೂಲ 1.41, ತ್ರಿಜ್ಯ 12.2 ಮೀಟರ್. ಇದರಲ್ಲಿ ಶೇ 60ರಷ್ಟಾದರೂ ಖಾಲಿ ಇರಬೇಕು. ಕಣಿವೆಯ ನಡುವೆ ಅಲೆ ಬಹಳ ಎತ್ತರದಲ್ಲಿ ಹಾಯುವುದರಿಂದ ಅಲ್ಲಿ ತೊಂದರೆಯಿಲ್ಲ. ತೊಂದರೆ ಕೊಡುವುದು ಆಂಟೆನಾದ ಮುಂದಿನ ನೂರಿನ್ನೂರು ಮೀಟರ್.

ಕಣದ ತಗ್ಗಿನ ಅಂಚಿನಲ್ಲಿ ನೆಲ ಕಣಿವೆಗೆ ಇಳಿಯುತ್ತದೆ. 60 ಮೀಟರ್ ಮುಂದಿರುವ ಸಿಲ್ವರ್ ಓಕ್ ಸಾಲಿನ ಎತ್ತರ 25 ಮೀಟರ್, ಆದರೆ ಅದು ನಿಂತ ನೆಲ ಕಣಕ್ಕಿಂತ 20 ಮೀಟರ್ ಕೆಳಗೆ. ಹಾಗಾಗಿ ಕಣದ ಮಟ್ಟದಿಂದ ಅದರ ತುದಿ 5 ಮೀಟರ್ ಮಾತ್ರ ಮೇಲೆ. ಟವರಿನ ತುದಿ ಆಂಟೆನಾಕ್ಕಿಂತ 180 ಮೀಟರ್ ಎತ್ತರದಲ್ಲಿದೆ, ಅಂದರೆ 60 ಮೀಟರ್ ಮುಂದೆ ಹೋಗುವಷ್ಟರಲ್ಲಿ ಅಲೆಯ ದಾರಿ 3 ಮೀಟರ್ ಏರುತ್ತದೆ. ಆಂಟೆನಾ 6 ಮೀಟರ್ ಕಂಬದ ಮೇಲಿದ್ದರೆ ದಾರಿ ಆ ಮರದ ಹತ್ತಿರ 9 ಮೀಟರಿನಲ್ಲಿ ಹಾಯುತ್ತದೆ, ಮರದ ತುದಿಗಿಂತ 4 ಮೀಟರ್ ಮೇಲೆ. ಆ ಜಾಗದಲ್ಲಿ ಫ್ರೆನೆಲ್ ತ್ರಿಜ್ಯ 3.1 ಮೀಟರ್. ಹಾಗಾಗಿ ಪೂರ್ತಿ ಖಾಲಿ, ಮರ ಬೆಳೆಯಲು ಸ್ವಲ್ಪ ಜಾಗವೂ ಉಳಿಯಿತು. ಮನೆಯ ಹೆಂಚಿನ ಮೇಲೆ ಇದೇ 6 ಮೀಟರ್ ಕಂಬ ನಿಲ್ಲಿಸಿದರೆ ಎದುರಿನ ಮರಗಳೂ ಅದೇ ಮಟ್ಟದ ನೆಲದಲ್ಲಿರುವುದರಿಂದ ದಾರಿ ನೇರ ಸೊಪ್ಪಿನೊಳಗೇ ನುಗ್ಗುತ್ತದೆ.

ಯಾವ ಸಾಮಾನು

ಪೇಟೆಯಲ್ಲಿ ಸಿಗುವ ಲಾಗ್ ಪೀರಿಯಾಡಿಕ್ ಆಂಟೆನಾ 700ರಿಂದ 2700 ಮೆಗಾಹರ್ಟ್ಸ್‌ವರೆಗೂ ನಡೆಯುತ್ತದೆ. ಬ್ಯಾಂಡ್ ಆಗಾಗ ಬದಲಾಗುವ ಜಾಗಕ್ಕೆ ಅದೇ ಸರಿ. ಬ್ಯಾಂಡ್ ಒಂದೇ ಎಂದು ಖಚಿತವಿದ್ದರೆ ಬೈಕ್ವಾಡ್ ಸಾಕು. ಇದರ ಗೇನ್ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಕ್ಕೆ ಹೋಲಿಸಿದರೆ ಎದುರಿನ ದಿಕ್ಕಿಗೆ ಸಿಗುವ ಹೆಚ್ಚಳ) ಸುಮಾರು 10 ಡಿಬಿಐ, ಕಟ್ಟಲು ಕಷ್ಟವಿಲ್ಲ, ಕಿರಣದ ಅಗಲ ಧಾರಾಳವಾದ್ದರಿಂದ ಗಾಳಿಗೆ ಕಂಬ ಒಂದಿಷ್ಟು ತಿರುಗಿದರೂ ಸಂಪರ್ಕ ಹೋಗುವುದಿಲ್ಲ. 4ಜಿ ರೌಟರಿಗೆ ಎರಡು ಆಂಟೆನಾ ಬೇಕು. ಒಂದನ್ನೇ ಸಿಕ್ಕಿಸಿದರೆ ಡೇಟಾದ ಎರಡು ಹರಿವಿನ ಬದಲು ಒಂದೇ ಹರಿವು ಬಂದು, ವೇಗ ಅರ್ಧಕ್ಕೆ ಇಳಿಯಬಹುದು.

ಎರಡಕ್ಕೂ ಸೇರಿ ಬೇಕಾದ್ದು: 14 ಗೇಜಿನ (2 ಮಿ.ಮೀ.) ಗಟ್ಟಿ ತಾಮ್ರದ ತಂತಿ 700 ಮಿ.ಮೀ., ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಮಗ್ಗುಲಿಗೆ ತಾಮ್ರ ಮೆತ್ತಿದ ಗ್ಲಾಸ್ ಎಪಾಕ್ಸಿ ಪಿಸಿಬಿ ಹಲಗೆ, 200×200 ಮಿ.ಮೀ., ಎರಡು. ಫ್ರಿಜ್ ಮೆಕ್ಯಾನಿಕ್ ಬಳಿ ಸಿಗುವ 3/8 ಇಂಚಿನ ತಾಮ್ರದ ಕೊಳವೆ, 40 ಮಿ.ಮೀ.ನ ಎರಡು ತುಂಡು. ಎಲ್‌ಎಂಆರ್-240 ಬಗೆಯ 50 ಓಮ್ ಕೇಬಲ್ 8 ಮೀಟರಿನ ಎರಡು ತುಂಡು, ರೌಟರ್ ತುದಿಗೆ ಎಸ್‌ಎಂಎ ಗಂಡು ಕನೆಕ್ಟರ್. ಒಂದೂವರೆ ಇಂಚಿನ ಜಿಐ ಪೈಪು 6 ಮೀಟರ್, 600 ಮಿ.ಮೀ. ಅಡ್ಡಪಟ್ಟಿ, ಕ್ಲಾಂಪುಗಳು. ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿ, ಒಳಗಿನ ಅಳತೆ 220×220×70 ಮಿ.ಮೀ.ಗೆ ಕಡಿಮೆಯಿಲ್ಲದಂತೆ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು, ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಗ್ಯಾಸ್ ಟ್ಯೂಬ್ ಸರ್ಜ್ ಅರೆಸ್ಟರ್ ಎರಡು.

ಕನೆಕ್ಟರ್ ತರುವಾಗ ರೌಟರನ್ನು ಜೊತೆಗೇ ಒಯ್ಯಿರಿ. ರೌಟರಿನ ವೈಫೈ ಆಂಟೆನಾಕ್ಕೆ ಸಾಮಾನ್ಯವಾಗಿ ಆರ್‌ಪಿ-ಎಸ್‌ಎಂಎ ಇರುತ್ತದೆ, 4ಜಿಗೆ ಎಸ್‌ಎಂಎ. ತಿರುಪಿನ ಮರೆ ಎರಡಕ್ಕೂ ಒಂದೇ, ಸಲೀಸಾಗಿ ತಿರುಗಿ ಕೂರುತ್ತದೆ, ಆದರೆ ನಡುವಿನ ಸೂಜಿ ಎರಡೂ ಕಡೆ ಇರುವುದಿಲ್ಲ. ಬಿಗಿಯಾಗಿ ಕೂತಿದೆ, ಸಿಗ್ನಲ್ ಮಾತ್ರ ಸತ್ತಿದೆ ಎನ್ನುವ ದೂರು ಬಹುಪಾಲು ಇದರದ್ದೇ.

ಕೇಬಲ್ಲಿನಲ್ಲಿ ಜಿಪುಣತನ ಬೇಡ. 1800 ಮೆಗಾಹರ್ಟ್ಸ್‌ನಲ್ಲಿ ಎಲ್‌ಎಂಆರ್-400 ಮೀಟರಿಗೆ 0.19 ಡಿಬಿ ನುಂಗುತ್ತದೆ, ಎಲ್‌ಎಂಆರ್-240 ಆದರೆ 0.36. ಸುಲಭವಾಗಿ ಸಿಗುವ ತೆಳ್ಳನೆಯ ಆರ್‌ಜಿ-58 ನುಂಗುವುದು 0.8ರ ಆಸುಪಾಸು. ಅದನ್ನು 12 ಮೀಟರ್ ಎಳೆದರೆ ಆಂಟೆನಾ ಗಳಿಸಿದ್ದೆಲ್ಲ ಕೇಬಲ್ಲಿಗೇ ಸಂದಾಯ. ಡಿಟಿಎಚ್‌ಗೆ ಬಳಸುವ ಆರ್‌ಜಿ-6 ಕೇಬಲ್ 75 ಓಮಿನದು, ರೌಟರಿನ 50 ಓಮಿಗೆ ಹೊಂದದು, ಆದರೂ ಅದರ ನಷ್ಟ ಮೀಟರಿಗೆ 0.3ರಷ್ಟೇ, ಓಮ್ ಹೊಂದದೆ ಕಳೆಯುವುದು 0.2 ಡಿಬಿಗೂ ಕಡಿಮೆ. ಬೇರೆ ದಾರಿಯಿಲ್ಲದಿದ್ದರೆ ಆರ್‌ಜಿ-58ಕ್ಕಿಂತ ಅದೇ ವಾಸಿ. ಆದರೆ ಅದರ ಜಾಲರಿ ಸಾಮಾನ್ಯವಾಗಿ ಅಲ್ಯುಮಿನಿಯಂ. ಬೆಸುಗೆ ಹಿಡಿಯುವುದಿಲ್ಲವಾದ್ದರಿಂದ ಎಫ್ ಕನೆಕ್ಟರ್ ಹಾಕಿಯೇ ಜೋಡಿಸಬೇಕು.

ಕಟ್ಟುವುದು

ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ. 1795 ಮೆಗಾಹರ್ಟ್ಸ್ ನಡು ಹಿಡಿದರೆ 167 ಮಿ.ಮೀ. ಬೈಕ್ವಾಡಿನ ಒಂದೊಂದು ಬದಿ ಇದರ ಕಾಲುಭಾಗ, 42 ಮಿ.ಮೀ. ಎರಡು ಚೌಕಕ್ಕೆ ಎಂಟು ಬದಿ, ಒಟ್ಟು 336. ತಂತಿಯನ್ನು 342ಕ್ಕೆ ಕತ್ತರಿಸಿ. ಜಾಸ್ತಿ ಇದ್ದರೆ ತೆಗೆಯಬಹುದು, ಕಡಿಮೆಯಾದರೆ ಹೊಸ ತಂತಿಯೇ ಗತಿ.

ತಂತಿಯ ನಟ್ಟನಡುವೆ 90 ಡಿಗ್ರಿ ಬಾಗಿಸಿ, ಇದು ಮೇಲಿನ ಮೂಲೆ. ಅಲ್ಲಿಂದ ಎರಡೂ ಕಡೆಗೆ 42 ಮಿ.ಮೀ.ಗೊಂದರಂತೆ ಬಾಗಿಸುತ್ತಾ ಹೋದರೆ ಎರಡು ಚೌಕಗಳಾಗಿ, ತಂತಿಯ ಎರಡೂ ತುದಿಗಳು ಮೇಲಿನ ಮೂಲೆಯ ಕೆಳಗೇ ಬಂದು ಸೇರುತ್ತವೆ. ಆ ಎರಡು ತುದಿಗಳನ್ನು ಒಂದಕ್ಕೊಂದು ಬೆಸೆಯಿರಿ, ಇದು ಕೆಳಗಿನ ಮೂಲೆ. ಮೇಲಿನ ಮತ್ತು ಕೆಳಗಿನ ಮೂಲೆಗಳ ನಡುವೆ 3 ಮಿ.ಮೀ. ಸಂದು ಇರಬೇಕು, ತಾಗಕೂಡದು. ಅಳತೆಯನ್ನು ತಂತಿಯ ನಡುವಿನಿಂದ ನಡುವಿಗೆ ಹಿಡಿಯಿರಿ. ಹೊರಗಿನಿಂದ ಹೊರಗೆ ಹಿಡಿದರೆ ಪ್ರತಿ ಬದಿಯಲ್ಲೂ 2 ಮಿ.ಮೀ. ತಪ್ಪುತ್ತದೆ, ಆಂಟೆನಾ 1880 ದಾಟಿ ಮೇಲೆ ಕೂತುಬಿಡುತ್ತದೆ. ವೈಂಡಿಂಗ್ ತಂತಿಗೆ ಎನಾಮಲ್ ಇರುವುದರಿಂದ ಬೆಸುಗೆ ಜಾಗವನ್ನು ಬ್ಲೇಡಿನಿಂದ ಹೊಳೆಯುವವರೆಗೂ ಕೆರೆಯಬೇಕು.

ಹಲಗೆಯ ನಡುವೆ 9.5 ಮಿ.ಮೀ. ರಂಧ್ರ ಕೊರೆದು ಕೊಳವೆ ತೂರಿಸಿ. ತಾಮ್ರದ ಮುಖದಿಂದ 20 ಮಿ.ಮೀ. ಮುಂದೆ ಚಾಚಿರಲಿ, ಉಳಿದದ್ದು ಹಿಂದೆ. ಈ 20 ಮಿ.ಮೀ. ತರಂಗದೂರದ ಎಂಟನೇ ಒಂದು ಭಾಗ, ಆಂಟೆನಾ ಕೇಬಲ್ಲಿನ 50 ಓಮಿಗೆ ಹೊಂದುವುದು ನಿಂತಿರುವುದು ಇದರ ಮೇಲೆ. ಕೊಳವೆಯ ಮುಂದಿನ ಬಾಯಿಯಲ್ಲಿ ಅರ್ಧ ಸುತ್ತನ್ನು ಅರದಿಂದ 3 ಮಿ.ಮೀ. ತಗ್ಗಿಸಿ. ತಗ್ಗಿಸದೆ ಉಳಿದ ಅರ್ಧದ ಮೇಲೆ ಕೆಳಗಿನ ಮೂಲೆ ಕೂರುತ್ತದೆ, ತಗ್ಗಿಸಿದ ಕಡೆ ಮೇಲಿನ ಮೂಲೆ ಗಾಳಿಯಲ್ಲಿ ನಿಲ್ಲುತ್ತದೆ. ಈ ತಗ್ಗು ಮಾಡದಿದ್ದರೆ ಎರಡೂ ಮೂಲೆಗಳು ಕೊಳವೆಗೇ ತಾಗಿ ಶಾರ್ಟ್ ಆಗುತ್ತವೆ.

ಬೆಸುಗೆಯ ಕ್ರಮ ಮುಖ್ಯ. ಮೊದಲು ಕೊಳವೆ ಮತ್ತು ಹಲಗೆ, ಸುತ್ತಲೂ. 25 ವಾಟಿನ ಕಡ್ಡಿ ಇದಕ್ಕೆ ಸಾಲದು, ಬಿಸಿಯನ್ನೆಲ್ಲ ತಾಮ್ರ ಎಳೆದುಕೊಂಡು ಸೀಸ ಉಂಡೆಕಟ್ಟಿ ಕೂರುತ್ತದೆ. 100 ವಾಟಿನದು ಅಥವಾ ಸಣ್ಣ ಗ್ಯಾಸ್ ಟಾರ್ಚ್ ಬೇಕು. ಆಮೇಲೆ ಕೆಳಗಿನ ಮೂಲೆಯನ್ನು ಕೊಳವೆಯ ಬಾಯಿಗೆ. ಕಡೆಗೆ ಕೇಬಲ್: ಹಿಂದಿನಿಂದ ತೂರಿಸಿ, ಜಾಲರಿಯನ್ನು ಕೊಳವೆಯ ಬಾಯಿಗೆ, ಒಳತಂತಿಯನ್ನು ಮೇಲಿನ ಮೂಲೆಗೆ. ಈ ಕೇಬಲ್ಲಿನ ಒಳಗಿನ ಬಿಳಿ ನೊರೆ ಪ್ಲಾಸ್ಟಿಕ್ಕು ಬೇಗ ಕರಗಿ ಒಳತಂತಿ ಪಕ್ಕಕ್ಕೆ ಸರಿಯುತ್ತದೆ. ಎರಡೂ ಕಡೆ ಮೊದಲೇ ಸೀಸ ಹಚ್ಚಿಟ್ಟುಕೊಂಡು, ಒಂದೇ ಸಲ ತಾಗಿಸಿ ಎತ್ತಿಬಿಡಬೇಕು.

ಇನ್ನು ದಿಕ್ಕು. ಚೌಕಗಳು ಅಕ್ಕಪಕ್ಕ ಮಲಗಿದ್ದರೆ ಅಲೆಯ ವಿದ್ಯುತ್ ಕ್ಷೇತ್ರ ಲಂಬ, ಮೇಲೆ ಕೆಳಗೆ ನಿಂತಿದ್ದರೆ ಅಡ್ಡ. ಟವರಿನ ಪ್ಯಾನೆಲ್‌ಗಳು ಸಾಮಾನ್ಯವಾಗಿ ಬಲಕ್ಕೆ 45, ಎಡಕ್ಕೆ 45 ಡಿಗ್ರಿ ಓರೆಯಾಗಿ ಎರಡು ಹರಿವು ಕಳಿಸುತ್ತವೆ. ಅದಕ್ಕೇ ಒಂದು ಹಲಗೆಯಲ್ಲಿ ಚೌಕಗಳನ್ನು ಬಲಗಡೆಯ ಕರ್ಣದ ಗುಂಟ, ಇನ್ನೊಂದರಲ್ಲಿ ಎಡಗಡೆಯ ಕರ್ಣದ ಗುಂಟ ಕೂರಿಸಬೇಕು. ಹಲಗೆಗಳು ನೆಟ್ಟಗೇ ನಿಲ್ಲುತ್ತವೆ. ಎರಡನ್ನೂ ಒಂದೇ ಕಡೆಗೆ ಓರೆ ಮಾಡಿದರೆ ಎರಡು ಆಂಟೆನಾ ಇಟ್ಟರೂ ಹೆಚ್ಚಿನ ಲಾಭವಿಲ್ಲ.

3 ಗಿಗಾಹರ್ಟ್ಸ್‌ವರೆಗೆ ಅಳೆಯುವ ನ್ಯಾನೊವಿಎನ್‌ಎ ಎಂಬ ಆಂಟೆನಾ ಪರೀಕ್ಷಿಸುವ ಪುಟ್ಟ ಯಂತ್ರ ಸಿಕ್ಕಿದರೆ 1710ರಿಂದ 1880ರ ವರೆಗೂ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಶಕ್ತಿಯನ್ನು ವಾಪಸ್ಸು ಕಳಿಸುತ್ತದೆ ಎಂಬುದರ ಅಳತೆ, 1 ಆದರೆ ಏನೂ ವಾಪಸ್ಸಿಲ್ಲ) 2ರ ಕೆಳಗಿದೆಯೇ ನೋಡಿ. ಪರದೆಯ ಗೆರೆಯ ತಗ್ಗು 1710ಕ್ಕಿಂತ ಕೆಳಗೆ ಬಿದ್ದಿದ್ದರೆ ಬದಿಗಳು ಉದ್ದವಾಗಿವೆ. ಪ್ರತಿ ಬದಿಯಲ್ಲಿ 1 ಮಿ.ಮೀ. ಕಮ್ಮಿ ಮಾಡಿದರೆ ಸುಮಾರು 43 ಮೆಗಾಹರ್ಟ್ಸ್ ಮೇಲೆ ಏರುತ್ತದೆ. ಜಾಗ ಸರಿ ಇದ್ದು ತಗ್ಗು ಆಳವಿಲ್ಲದಿದ್ದರೆ ಹಲಗೆಗೂ ತಂತಿಗೂ ನಡುವಿನ ಅಂತರವನ್ನು ಒಂದೆರಡು ಮಿ.ಮೀ. ಆಚೀಚೆ ಮಾಡಿ. ಈ ಅಳತೆಯನ್ನು ಅರ್ಧ ಮೀಟರಿನ ಕೇಬಲ್ಲಿನಲ್ಲೇ ಮುಗಿಸಿ. 8 ಮೀಟರ್ ಕೇಬಲ್ಲಿನ ತುದಿಯಲ್ಲಿ ಅಳೆದರೆ ಹೋಗುವಾಗ 2.9, ಬರುವಾಗ 2.9 ಡಿಬಿ ಕೇಬಲ್ಲೇ ನುಂಗಿ, ಎಸ್‌ಡಬ್ಲ್ಯುಆರ್ 2 ಇರುವ ಆಂಟೆನಾ 1.4 ಎಂದು ತೋರಿಸುತ್ತದೆ. ಅಂಥ ಚೆಂದದ ಅಂಕಿಯನ್ನು ನಂಬಬೇಡಿ.

ಡಬ್ಬಿಯ ಪ್ಲಾಸ್ಟಿಕ್ ಸರಿಯೇ ಎಂದು ತಿಳಿಯಲು ಮೈಕ್ರೋವೇವ್ ಒಲೆಯಲ್ಲಿ ಖಾಲಿ ಡಬ್ಬಿಯನ್ನೂ ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಡಬ್ಬಿ ತಣ್ಣಗೇ ಇದ್ದರೆ ಅಲೆ ಅದರಲ್ಲಿ ಸಲೀಸಾಗಿ ಹಾಯುತ್ತದೆ. ಡಬ್ಬಿಯ ತಳದಲ್ಲಿ 4 ಮಿ.ಮೀ.ನ ಒಂದು ರಂಧ್ರ ಬಿಡಲೇಬೇಕು. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಹಗಲಿನ ಬಿಸಿಗೂ ರಾತ್ರಿಯ ಚಳಿಗೂ ಬೆವರು ಕಟ್ಟಿ ನೀರು ನಿಲ್ಲುತ್ತದೆ. ರಂಧ್ರಕ್ಕೆ ಸಣ್ಣ ಕಣ್ಣಿನ ಸೊಳ್ಳೆ ಜಾಲರಿಯ ತುಂಡು ಅಂಟಿಸಿ, ಇಲ್ಲವಾದರೆ ಇರುವೆಗಳು ಮಣ್ಣು ತುಂಬುತ್ತವೆ.

ಕಂಬ, ಅರ್ಥಿಂಗ್, ಮನೆಗೆ ದಾರಿ

ಕಣದ ಅಂಚಿನಲ್ಲೇ ಕಾಫಿ ಗೋಡೌನ್ ಇದೆ, ಅಲ್ಲಿ ಕರೆಂಟೂ ಇದೆ. ರೌಟರ್ ಗೋಡೌನಿನ ಒಳಗೆ, ಕಂಬ ಅದರ ಗೋಡೆಗೆ, ಎರಡರ ನಡುವೆ 8 ಮೀಟರ್ ಕೇಬಲ್. ಮನೆ ಅಲ್ಲಿಂದ 45 ಮೀಟರ್. ಆಂಟೆನಾ ಕೇಬಲ್ಲನ್ನೇ ಮನೆವರೆಗೆ ಎಳೆದಿದ್ದರೆ 16 ಡಿಬಿ ಹೋಗುತ್ತಿತ್ತು.

ಗೋಡೌನಿನಿಂದ ಮನೆಗೆ ನೆಟ್‌ವರ್ಕ್ ಕೇಬಲ್ ಎಳೆಯುವವರೇ ಹೆಚ್ಚು. ಮಲೆನಾಡಿನಲ್ಲಿ ಅದನ್ನು ಮಾಡಬೇಡಿ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಎರಡು ಕಟ್ಟಡಗಳ ನೆಲದ ವೋಲ್ಟೇಜ್ ಕ್ಷಣಮಾತ್ರ ಬೇರೆಬೇರೆಯಾಗಿ, ನಡುವಿನ ತಾಮ್ರದ ಕೇಬಲ್ಲಿನಲ್ಲೇ ಕರೆಂಟ್ ಹರಿದು ಎರಡೂ ಕಡೆಯ ಯಂತ್ರ ಸುಡುತ್ತದೆ. ಇಲ್ಲಿ ಹಾಕಿದ್ದು ಫೈಬರ್ ಡ್ರಾಪ್ ಕೇಬಲ್, ಎರಡು ತುದಿಗೂ ಬೆಳಕನ್ನು ವಿದ್ಯುತ್ ಸಂಕೇತಕ್ಕೂ ಅದನ್ನು ಮತ್ತೆ ಬೆಳಕಿಗೂ ಬದಲಿಸುವ ಮೀಡಿಯಾ ಕನ್ವರ್ಟರ್, ಮನೆಯ ತುದಿಗೆ ವೈಫೈ ಪೆಟ್ಟಿಗೆ. ಊರಿನ ಕೇಬಲ್ ಟಿವಿಯವರೇ ತುದಿ ಜೋಡಿಸಿಕೊಡುತ್ತಾರೆ. ಡ್ರಾಪ್ ಕೇಬಲ್ಲಿನ ಜೊತೆ ಭಾರ ಹೊರಲು ಉಕ್ಕಿನ ತಂತಿಯಿರುತ್ತದೆ. ಅದನ್ನು ಎರಡೂ ಕಡೆ ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ. ಅದು ಒಳಗೆ ಬಂದರೆ ಫೈಬರ್ ಹಾಕಿದ ಉದ್ದೇಶವೇ ಕೆಟ್ಟಿತು.

ಕಂಬದ ಬುಡದಿಂದ 25×3 ಮಿ.ಮೀ. ಜಿಐ ಪಟ್ಟಿಯನ್ನು ಆದಷ್ಟು ನೇರವಾಗಿ, ಚೂಪು ತಿರುವು ಇಲ್ಲದೆ ಅರ್ಥ್ ರಾಡಿಗೆ ಇಳಿಸಿ. ರಾಡು 2.5 ಮೀಟರಾದರೂ ನೆಲದೊಳಗೆ ಹೋಗಬೇಕು, ಗೋಡೌನಿನ ಅರ್ಥಿಗೂ ಅದಕ್ಕೂ ಜೋಡಣೆ ಇರಬೇಕು. ಅರೆಸ್ಟರ್‌ಗಳು ಕೇಬಲ್ ಗೋಡೆ ದಾಟುವ ಜಾಗದಲ್ಲಿ, ಅವುಗಳ ಅರ್ಥ್ ತಂತಿಯೂ ಇದೇ ಪಟ್ಟಿಗೆ. ಕಂಬಕ್ಕೇ ನೇರ ಸಿಡಿಲು ಬಡಿದರೆ ಇದ್ಯಾವುದೂ ತಡೆಯದು. ಹತ್ತಿರದಲ್ಲಿ ಬಿದ್ದ ಸಿಡಿಲಿನ ಹೊಡೆತವನ್ನು ಇಳಿಸುವುದಕ್ಕಷ್ಟೇ ಇವು. ಗುಡುಗು ಶುರುವಾದ ಮೇಲೆ ರೌಟರಿನ ಪ್ಲಗ್ಗೂ ಎಸ್‌ಎಂಎಗಳೂ ಹೊರಗಿರಲಿ. ಬಿಚ್ಚುವುದನ್ನು ಮೋಡ ಕಟ್ಟುವಾಗಲೇ ಮುಗಿಸಿ, ಸಿಡಿಲು ಹೊಡೆಯುತ್ತಿರುವಾಗ ಕೇಬಲ್ ಮುಟ್ಟಬೇಡಿ.

ಕೇಬಲ್ ಗೋಡೆಗೆ ನುಗ್ಗುವ ಮೊದಲು ಕೆಳಕ್ಕೆ ಬಾಗಿ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಮಂಗಗಳು ಜೋತಾಡುವಂತೆ ಎಲ್ಲೂ ಸಡಿಲ ಬಿಡಬೇಡಿ, ಅರ್ಧ ಮೀಟರಿಗೊಂದು ಕಪ್ಪು ಟೈ ಹಾಕಿ.

ತಿರುಗಿಸುವುದು

ರೌಟರಿನ ಸೆಟ್ಟಿಂಗಿನಲ್ಲಿ ಹೊರಗಿನ ಆಂಟೆನಾ ಎಂದು ಆರಿಸಿ. ಕೆಲವು ರೌಟರುಗಳು ಇದನ್ನು ತಾವಾಗಿ ಗುರುತಿಸುವುದಿಲ್ಲ. ಕ್ಲಾಂಪ್ ಸಡಿಲಿಸಿ ಹತ್ತು ಡಿಗ್ರಿಗೊಮ್ಮೆ ತಿರುಗಿಸಿ, ಪ್ರತಿ ಸಲವೂ ಅರ್ಧ ನಿಮಿಷ ಕಾಯಿರಿ, ಅಂಕಿ ತಕ್ಷಣ ಬದಲಾಗುವುದಿಲ್ಲ. ಹಿಂಬಾಲಿಸಬೇಕಾದ್ದು ಎಸ್‌ಐಎನ್‌ಆರ್ ಅನ್ನು. ಎತ್ತರದ ಜಾಗಗಳಲ್ಲಿ, ಬಾಬಾಬುಡನ್‌ಗಿರಿಯ ಇಳಿಜಾರಿನ ಮನೆಗಳ ಹಾಗೆ ಬಯಲುಸೀಮೆ ಪೂರ್ತಿ ಕಾಣುವ ಕಡೆ, ಹತ್ತಾರು ಟವರುಗಳು ಒಟ್ಟಿಗೆ ಕೇಳಿಸುತ್ತವೆ. ಬಲ ಚೆನ್ನಾಗಿದ್ದೂ ವೇಗ ಬರುವುದಿಲ್ಲ. ಅಲ್ಲಿ ಆಂಟೆನಾದ ಕೆಲಸ ಬೇಡದ ಟವರುಗಳಿಗೆ ಬೆನ್ನು ತೋರಿಸುವುದು. ಬಲ 2 ಡಿಬಿ ಕಮ್ಮಿಯಾದರೂ ಎಸ್‌ಐಎನ್‌ಆರ್ 5 ಏರುವ ಕೋನವೇ ಸರಿಯಾದ ಕೋನ.

ಈ ಕಣದಲ್ಲಿ ಬಿಗಿ ಮಾಡಿದಾಗ ಬಂದದ್ದು -93, ಎಸ್‌ಐಎನ್‌ಆರ್ 14. ಮನೆಯೊಳಗಿನ -116ಕ್ಕೆ ಹೋಲಿಸಿದರೆ 23 ಡಿಬಿ, ಇನ್ನೂರು ಪಟ್ಟು. ಇದರಲ್ಲಿ 15 ಜಾಗದ್ದು, ಉಳಿದ 8 ಕಂಬದ ಎತ್ತರ ಮತ್ತು ಆಂಟೆನಾದ್ದು. ಮನೆಯೊಳಗೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಮಾತಿಗೂ ಇದೇ ದಾರಿ. ವೈಫೈ ಪೆಟ್ಟಿಗೆಯನ್ನು ಫ್ರಿಜ್ಜಿನ ಹಿಂದೆ ಇಡಬೇಡಿ. ಮೈಕ್ರೋವೇವ್ ಒಲೆ ಓಡುವಾಗ 2.4 ಗಿಗಾಹರ್ಟ್ಸ್ ವೈಫೈ ತಡವರಿಸಿದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಆಂಟೆನಾದಿಂದ ಮೈಗೆ ಏನಾದರೂ ಆಗುತ್ತದೆಯೇ ಎಂದು ಮನೆಯ ಹಿರಿಯರು ಕೇಳುವುದು ನ್ಯಾಯವೇ, ಲೆಕ್ಕವನ್ನೇ ಕೊಡೋಣ. ರೌಟರ್ ಹೆಚ್ಚೆಂದರೆ 23 ಡಿಬಿಎಂ ಕಳಿಸುತ್ತದೆ, 200 ಮಿಲಿವಾಟ್. ಕೇಬಲ್ 3 ಕಳೆದು ಆಂಟೆನಾ 10 ಕೂಡಿದರೆ, ಎದುರಿನ ದಿಕ್ಕಿನಲ್ಲಿ 1 ವಾಟಿಗೆ ಸಮ. 6 ಮೀಟರ್ ದೂರದಲ್ಲಿ, ಅದೂ ಕಿರಣದ ನೇರಕ್ಕೇ ನಿಂತರೆ, ಚದರ ಮೀಟರಿಗೆ 0.0022 ವಾಟ್. 1800 ಮೆಗಾಹರ್ಟ್ಸ್‌ಗೆ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಮಿತಿ 9 ವಾಟ್. ಭಾರತ 2012ರಲ್ಲಿ ಟವರುಗಳಿಗೆ ಅದರ ಹತ್ತನೇ ಒಂದನ್ನು, 0.9ನ್ನು, ಜಾರಿಗೆ ತಂದಿತು. ಅದಕ್ಕೂ ಇದು ನಾನೂರು ಪಟ್ಟು ಕೆಳಗೆ. ಸಿಗ್ನಲ್ ಇಲ್ಲದ ಮನೆಯಲ್ಲಿ ಫೋನು ಪೂರ್ತಿ ಬಲದಲ್ಲಿ ಕೂಗುತ್ತಾ ಕಿವಿಗೆ ಅಂಟಿಕೊಂಡಿರುತ್ತದೆ, ಬ್ಯಾಟರಿ ಬೇಗ ಇಳಿಯುವುದೂ ಅದಕ್ಕೇ. ಆ ಕೂಗು ಕಣದ ಕಂಬಕ್ಕೆ ಹೋದದ್ದು ಒಳ್ಳೆಯದೇ.

ಮಳೆಗಾಲದಲ್ಲಿ

ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ ಎನ್ನುವ ಮಾತಿನಲ್ಲಿ ಮಳೆಯ ಹನಿಯದು ಅಷ್ಟು ತಪ್ಪಿಲ್ಲ. 167 ಮಿ.ಮೀ. ಅಲೆಗೆ ಕೆಲವೇ ಮಿ.ಮೀ.ನ ಹನಿ ಲೆಕ್ಕಕ್ಕಿಲ್ಲ. ಡಿಟಿಎಚ್‌ನ 11–12 ಗಿಗಾಹರ್ಟ್ಸ್ ಅಲೆ 25 ಮಿ.ಮೀ.ನದು, ಜಡಿಮಳೆಗೆ ಅದು ಸೋಲುತ್ತದೆ. 4ಜಿಗೆ ಅಡ್ಡಿಯಾಗುವುದು ನೆನೆದ ಎಲೆಗಳು, ಟವರಿನ ಕರೆಂಟು ಹೋಗುವುದು, ಮತ್ತು ಟವರಿನಿಂದ ಟವರಿಗೆ ಹೋಗುವ ಹೆಚ್ಚಿನ ಆವೃತ್ತಿಯ ಮೈಕ್ರೋವೇವ್ ಕೊಂಡಿ. ಜುಲೈನಲ್ಲಿ ಇಲ್ಲಿ ಆರ್‌ಎಸ್‌ಆರ್‌ಪಿ -97ಕ್ಕೆ ಇಳಿಯಿತು, ಮಳೆ ಬಿಟ್ಟು ಎಲೆ ಒಣಗಿದರೆ ಮತ್ತೆ -93ರ ಹತ್ತಿರ. ಮಳೆಗೆ ಮುಂಚಿನ ಮರಗಸಿಯಲ್ಲಿ, ಅಂದರೆ ನೆರಳು ಮರಗಳ ಕೊಂಬೆ ಸವರುವಾಗ, ಆ ಸಾಲಿನ ತುದಿಕೊಂಬೆಗಳನ್ನೂ ಸೇರಿಸಿಕೊಂಡರೆ ಕಂಬ ಎತ್ತರಿಸುವ ಖರ್ಚು ಉಳಿಯುತ್ತದೆ. ಬಲ ಸರಿಯಿದ್ದೂ ಡೇಟಾ ಓಡದಿದ್ದರೆ ದೋಷ ಟವರಿನಾಚೆಗಿದೆ, ಕಂಬ ಹತ್ತಬೇಡಿ.

ಎಲೆ ಒಣಗಿದರೂ ಬಲ 8–10 ಡಿಬಿ ಕೆಳಗೇ ಉಳಿದರೆ ದೋಷ ನಮ್ಮ ಕಡೆಯದು. ರೌಟರ್ ತುದಿಯಲ್ಲಿ ಎಸ್‌ಎಂಎ ಬಿಚ್ಚಿ, ಅರೆಸ್ಟರನ್ನು ಹಾಗೇ ಬಿಟ್ಟು, ಮಲ್ಟಿಮೀಟರಿನಲ್ಲಿ ಸೂಜಿಗೂ ಹೊರಮೈಗೂ ನಡುವೆ ಓಮ್ ನೋಡಿ. ಬೈಕ್ವಾಡಿನಲ್ಲಿ ಮೇಲಿನ ಮೂಲೆಗೂ ಕೆಳಗಿನ ಮೂಲೆಗೂ ತಂತಿಯ ಮೂಲಕವೇ ಜೋಡಣೆ ಇರುವುದರಿಂದ ಸೊನ್ನೆಯ ಹತ್ತಿರ ಬರಬೇಕು. ಶಾರ್ಟ್ ಆಗಿದೆ ಎಂದು ಹೆದರಿ ಕೇಬಲ್ ಬದಲಿಸಬೇಡಿ, ಅದೇ ಸರಿ. ತೆರೆದಿದೆ ಎಂದು ತೋರಿಸಿದರೆ ಒಳತಂತಿಯ ಬೆಸುಗೆ ಗಾಳಿಯ ಅಲುಗಾಟಕ್ಕೆ ಬಿಟ್ಟಿದೆ: ಡಬ್ಬಿ ತೆಗೆದು ಮರುಬೆಸೆದು, ತಂತಿಯ ಎರಡು ಹೊರಮೂಲೆಗಳಿಗೆ 20 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಆನಿಕೆ ಕೊಡಿ. ಓಮ್ ಸರಿಯಿದ್ದೂ ಬಲವಿಲ್ಲದಿದ್ದರೆ ನೀರು ಒಳಗಿದೆ. ಡಬ್ಬಿಯ ಹಿಂದೆ ಕೊಳವೆಯೊಳಕ್ಕೆ ಕೇಬಲ್ ನುಗ್ಗುವ ಜಾಗದಲ್ಲಿ ಟೇಪು ಬಿಚ್ಚಿ, ಹೊರಕವಚವನ್ನು 20 ಮಿ.ಮೀ. ಸೀಳಿ ನೋಡಿ. ಜಾಲರಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಬೇಕು, ಒಣಗಿಸಿ ಮತ್ತೆ ಬಳಸಿದರೆ ಮುಂದಿನ ಮಳೆಗೆ ಅದೇ ಪಾಡು. ಹೊಸ ಟೇಪನ್ನು ಎರಡು ಪಟ್ಟು ಎಳೆದು, ಕೆಳಗಿನಿಂದ ಮೇಲಕ್ಕೆ, ಅರ್ಧಕ್ಕರ್ಧ ಮೇಲೆ ಬರುವಂತೆ ಸುತ್ತಿ. ಕೆಳಗಿನಿಂದ ಸುತ್ತಿದರೆ ಪದರಗಳ ಬಾಯಿ ಕೆಳಮುಖವಾಗಿ, ನೀರು ಒಳಗೆ ಹೋಗದೆ ಜಾರುತ್ತದೆ.